ಜೈಲಿನ ಜಾಗಕ್ಕೆ ದಂಡ: ಪರಿಸರ ಕಾನೂನಿನ ಹೊಸ ಲೆಕ್ಕ

ಭೋಪಾಲ್ ಅನಿಲ ದುರಂತದ ನಂತರ, 1986ರಲ್ಲಿ ರೂಪುಗೊಂಡ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ತಪ್ಪಿತಸ್ಥರಿಗೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ಜುಲ್ಮಾನೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿತ್ತು. ತಪ್ಪು ವರ್ಷ ದಾಟಿಯೂ ಮುಂದುವರಿದರೆ ಸೆರೆವಾಸ ಏಳು ವರ್ಷಕ್ಕೆ ಏರುತ್ತಿತ್ತು. 2024ರ ಏಪ್ರಿಲ್ 1ರಿಂದ ಈ ಮಾತು ಕಾಯ್ದೆಯಲ್ಲಿಲ್ಲ. ಅದೇ ತಪ್ಪಿಗೆ ಈಗ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ. ತಪ್ಪು ಮುಂದುವರಿದರೆ ದಿನಕ್ಕೆ 10 ಸಾವಿರ ರೂಪಾಯಿ.

ಇದನ್ನು ಮಾಡಿದ್ದು 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಜನವಿಶ್ವಾಸ ಕಾಯ್ದೆ. 42 ಕೇಂದ್ರ ಕಾನೂನುಗಳ 183 ಅಂಶಗಳನ್ನು ಅದು ಒಟ್ಟಿಗೆ ತಿದ್ದಿತು. ಸಣ್ಣಪುಟ್ಟ ಲೋಪಗಳಿಗೂ ಜೈಲಿನ ಭಯವಿರಬಾರದು, ಉದ್ದಿಮೆ ನಡೆಸುವುದು ಸುಲಭವಾಗಬೇಕು ಎಂಬುದು ಸರ್ಕಾರ ಕೊಟ್ಟ ಕಾರಣ. ವಾಯು ಮಾಲಿನ್ಯ ಕಾಯ್ದೆಯ ಶಿಕ್ಷೆಗಳೂ ಇದೇ ಏಟಿಗೆ ಬದಲಾದವು. ನೀರು ರಾಜ್ಯಗಳ ಪಟ್ಟಿಯಲ್ಲಿರುವ ವಿಷಯವಾದ್ದರಿಂದ ಜಲ ಮಾಲಿನ್ಯ ಕಾಯ್ದೆಗೆ 2024ರ ಫೆಬ್ರುವರಿಯಲ್ಲಿ ಪ್ರತ್ಯೇಕ ತಿದ್ದುಪಡಿ ಬಂತು. ಅದು ಮೊದಲಿಗೆ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿತು. ಉಳಿದ ರಾಜ್ಯಗಳು ತಮ್ಮ ವಿಧಾನಮಂಡಲದಲ್ಲಿ ನಿರ್ಣಯ ಮಾಡಿ ಒಪ್ಪಿಕೊಳ್ಳಬೇಕು. ಅಲ್ಲಿಯೂ ದಂಡದ ಮಿತಿ 10 ಸಾವಿರದಿಂದ 15 ಲಕ್ಷ.

ಮೊತ್ತದ ಜೊತೆಗೆ ನಿರ್ಧರಿಸುವವರೂ ಬದಲಾಗಿದ್ದಾರೆ. ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿ ಕ್ರಿಮಿನಲ್ ನ್ಯಾಯಾಲಯದಲ್ಲಿ ದೂರು ಹೂಡಬೇಕಿತ್ತು. ಆರೋಪವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡಬೇಕಿತ್ತು. ಈಗ ತೀರ್ಮಾನ ನ್ಯಾಯನಿರ್ಣಯಾಧಿಕಾರಿಯದು. ಅವರು ಕೇಂದ್ರದ ಜಂಟಿ ಕಾರ್ಯದರ್ಶಿ ಅಥವಾ ರಾಜ್ಯದ ಕಾರ್ಯದರ್ಶಿ ದರ್ಜೆಗಿಂತ ಕೆಳಗಿನವರಾಗಿರುವಂತಿಲ್ಲ. ಅವರು ನೋಟಿಸ್ ಕೊಟ್ಟು, ಎರಡೂ ಕಡೆಯ ಮಾತು ಕೇಳಿ ದಂಡ ವಿಧಿಸುತ್ತಾರೆ. ಒಪ್ಪದವರು 60 ದಿನದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು. ಜೈಲು ಪೂರ್ತಿ ಮಾಯವಾಗಿಲ್ಲ ಎಂಬುದನ್ನೂ ಹೇಳಬೇಕು. ವಿಧಿಸಿದ ದಂಡವನ್ನು 90 ದಿನದೊಳಗೆ ಕಟ್ಟದಿದ್ದರೆ ಮೂರು ವರ್ಷದವರೆಗೆ ಸೆರೆವಾಸ, ದಂಡದ ಎರಡು ಪಟ್ಟಿನವರೆಗೆ ಜುಲ್ಮಾನೆ, ಇಲ್ಲವೇ ಎರಡೂ ಇವೆ. ಅಂದರೆ ಹೊಳೆಗೆ ವಿಷ ಬಿಟ್ಟಿದ್ದಕ್ಕೆ ಜೈಲಿಲ್ಲ, ಬಿಟ್ಟಿದ್ದರ ಬಾಕಿ ತೀರಿಸದಿದ್ದರೆ ಜೈಲುಂಟು.

ಜೈಲು ಹೋಯಿತೆಂದು ನಾನು ಮರುಗುವುದಿಲ್ಲ. ಆ ಜೈಲು ಬಹುಮಟ್ಟಿಗೆ ಕಾಗದದ ಮೇಲಿನದಾಗಿತ್ತು. ಕಾರ್ಖಾನೆಯ ಕೊಳವೆಯಿಂದ ನೀರಿನ ಮಾದರಿ ತೆಗೆಯುವ ಅಧಿಕಾರಿ ಅಲ್ಲೇ ನೋಟಿಸ್ ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಸಹಿ ಪಡೆದು ಪ್ರಯೋಗಾಲಯಕ್ಕೆ ಕಳಿಸಬೇಕೆಂದು ಜಲ ಕಾಯ್ದೆ ಹೇಳುತ್ತದೆ. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಆ ವರದಿ ನ್ಯಾಯಾಲಯದಲ್ಲಿ ನಿಲ್ಲದು. ಹೊಳೆ ಕಪ್ಪಾಗಿ ಹರಿಯುವುದನ್ನು ಇಡೀ ಊರು ಕಂಡಿದ್ದರೂ ಮೊಕದ್ದಮೆ ಬಿದ್ದುಹೋಗಬಹುದು. ದೊಡ್ಡ ಕಂಪನಿಯಲ್ಲಿ ಯಾರು ತಪ್ಪಿತಸ್ಥರು ಎಂಬ ಪ್ರಶ್ನೆಗೇ ವರ್ಷಗಳು ಕಳೆದು, ಕೊನೆಗೆ ಪಾಳಿಯ ಮೇಲ್ವಿಚಾರಕನೊಬ್ಬ ಕಟಕಟೆಯಲ್ಲಿ ನಿಲ್ಲುತ್ತಾನೆ. ಅಧಿಕಾರಿಯೇ ವಿಧಿಸುವ ಇಂಥ ಸಿವಿಲ್ ದಂಡದಲ್ಲಿ ಅಷ್ಟು ಬಿಗಿಯಾದ ರುಜುವಾತು ಬೇಡ, ತೀರ್ಮಾನ ಬೇಗ, ಹಣ ತೆರಬೇಕಾದದ್ದು ಕಂಪನಿಯೇ. ವಿಧಾನವಾಗಿ ಅದು ಒಳ್ಳೆಯ ಅಸ್ತ್ರ. ನನ್ನ ತಕರಾರು ಅದರ ಮೊನೆಯ ಬಗ್ಗೆ.

ಒಂದು ಲೆಕ್ಕ ಹಾಕೋಣ. ರಾಷ್ಟ್ರೀಯ ಉದ್ಯಾನಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯಗಳನ್ನು ಘೋಷಿಸುವುದು ಇದೇ ಪರಿಸರ ಸಂರಕ್ಷಣಾ ಕಾಯ್ದೆಯಡಿ. ಅಂಥ ವಲಯದಲ್ಲಿ ನಿಯಮ ಮುರಿದು ಎದ್ದ 20 ಕೋಣೆಗಳ ರೆಸಾರ್ಟ್ ಒಂದಿದೆ ಎಂದುಕೊಳ್ಳಿ. ಒಂದು ಕೋಣೆಗೆ ದಿನಕ್ಕೆ 10 ಸಾವಿರ ರೂಪಾಯಿ ಬಾಡಿಗೆಯಾದರೆ, ತುಂಬಿದ ದಿನ ಎರಡು ಲಕ್ಷ ರೂಪಾಯಿ ಬರುತ್ತದೆ. ತಪ್ಪು ಮುಂದುವರಿದುದಕ್ಕೆ ದಿನದ ದಂಡ 10 ಸಾವಿರ, ಅಂದರೆ ಒಂದು ಕೋಣೆಯ ಬಾಡಿಗೆ. ಮೊದಲು ಕಟ್ಟಬೇಕಾದ ಗರಿಷ್ಠ 15 ಲಕ್ಷ ರೂಪಾಯಿ ಎಂಟು ತುಂಬಿದ ದಿನಗಳ ಸಂಪಾದನೆಯಷ್ಟೂ ಅಲ್ಲ. ಮಾಲೀಕ ದುಷ್ಟನಾಗಿರಬೇಕಿಲ್ಲ, ಕೂಡಿಸಿ ಕಳೆಯಲು ಬಂದರೆ ಸಾಕು. ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಘಟಕ ಮುಚ್ಚಿಸುವ, ವಿದ್ಯುತ್ ಮತ್ತು ನೀರಿನ ಸಂಪರ್ಕ ಕಡಿಸುವ ಅಧಿಕಾರ ಸರ್ಕಾರಕ್ಕೆ ಈಗಲೂ ಇದೆ. ಆದರೆ ದಂಡ ಕಟ್ಟಿದ ರಸೀದಿ ಕೈಯಲ್ಲಿರುವವನ ಬಾಗಿಲಿಗೆ ಬೀಗ ಹಾಕಲು ಹೋಗುವ ಅಧಿಕಾರಿಗೆ ಬೇರೆಯೇ ಧೈರ್ಯ ಬೇಕಾಗುತ್ತದೆ.

ದಂಡದ ಮೊತ್ತ ಗೊತ್ತುಮಾಡುವಾಗ ಎಷ್ಟು ಜನರಿಗೆ, ಎಷ್ಟು ಪ್ರದೇಶಕ್ಕೆ ತೊಂದರೆಯಾಯಿತು, ತಪ್ಪು ಎಷ್ಟು ಕಾಲ ನಡೆಯಿತು, ಅದರಿಂದ ಎಷ್ಟು ಅನುಚಿತ ಲಾಭ ಬಂತು ಎಂಬುದನ್ನು ನೋಡಬೇಕೆಂದು ಹೊಸ ವ್ಯವಸ್ಥೆಯೇ ಹೇಳುತ್ತದೆ. ಇದು ಸರಿಯಾದ ಮಾತು. ಆದರೆ ಲಾಭ ಎರಡು ಕೋಟಿ ಎಂದು ಅಧಿಕಾರಿ ಕಂಡುಕೊಂಡರೂ ಅವರ ಲೇಖನಿ 15 ಲಕ್ಷಕ್ಕೆ ನಿಲ್ಲಬೇಕು. ಅಳೆಯಲು ಹೇಳಿ, ಅಳತೆಗೋಲನ್ನು ಮೊದಲೇ ತುಂಡು ಮಾಡಿಟ್ಟಂತಾಯಿತು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ಗಂಟನ್ನು 1980ರ ದಶಕದಲ್ಲೇ ಬಿಡಿಸಿಕೊಂಡಿತು. ಸಂಸ್ಕರಣಾ ಘಟಕ ಕಟ್ಟದೆ, ಇದ್ದರೂ ನಡೆಸದೆ ಕಂಪನಿ ಎಷ್ಟು ಉಳಿಸಿತು ಎಂಬುದನ್ನು ಮೊದಲು ಲೆಕ್ಕ ಹಾಕಿ ಅಷ್ಟನ್ನೂ ಕಿತ್ತುಕೊಳ್ಳಬೇಕು, ಶಿಕ್ಷೆಯ ಪಾಲು ಅದರ ಮೇಲೆ ಬರಬೇಕು ಎಂಬುದು ಅಲ್ಲಿನ ನೀತಿ. ಮೆಕ್ಸಿಕೊ ಕೊಲ್ಲಿಯಲ್ಲಿ 2010ರಲ್ಲಿ ತೈಲ ಸೋರಿದ್ದಕ್ಕೆ ಬಿಪಿ ಕಂಪನಿ ಅಲ್ಲಿನ ಜಲ ಕಾಯ್ದೆಯಡಿ ಒಪ್ಪಿಕೊಂಡ ಸಿವಿಲ್ ದಂಡವೇ 550 ಕೋಟಿ ಡಾಲರ್. ಯುರೋಪ್ ಒಕ್ಕೂಟವಂತೂ ಎದುರು ದಿಕ್ಕಿನಲ್ಲಿ ನಡೆದಿದೆ. 2024ರ ಪರಿಸರ ಅಪರಾಧ ನಿರ್ದೇಶನದಲ್ಲಿ ವ್ಯಕ್ತಿಗಳಿಗೆ ಜೈಲನ್ನು ಉಳಿಸಿಕೊಂಡಿರುವುದಲ್ಲದೆ, ಗಂಭೀರ ಅಪರಾಧಗಳಲ್ಲಿ ಕಂಪನಿಗಳ ಮೇಲಿನ ಗರಿಷ್ಠ ದಂಡ ಜಾಗತಿಕ ವಹಿವಾಟಿನ ಶೇ 5ರಷ್ಟಾದರೂ ಅಥವಾ 4 ಕೋಟಿ ಯೂರೊ ಆದರೂ ಇರಬೇಕೆಂದು ಸದಸ್ಯ ದೇಶಗಳಿಗೆ ವಿಧಿಸಿದೆ.

ನಮ್ಮಲ್ಲಿ ವಹಿವಾಟಿನ ಮಾತು ಬಂದಾಗಲೆಲ್ಲ ನ್ಯಾಯಾಲಯದ ಒಳಗೇ ಎಳೆದಾಟ ನಡೆದಿದೆ. 2018ರಲ್ಲಿ ಪುಣೆಯ ಕಟ್ಟಡ ಯೋಜನೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 100 ಕೋಟಿ ರೂಪಾಯಿ ಅಥವಾ ಯೋಜನಾ ವೆಚ್ಚದ ಶೇ 10, ಯಾವುದು ಹೆಚ್ಚೋ ಅದನ್ನು ಕಟ್ಟುವಂತೆ ಹೇಳಿತು. 2025ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ, ಹಸಿರು ನ್ಯಾಯಮಂಡಳಿ ವಹಿವಾಟಿನ ಆಧಾರದ ಮೇಲೆ ಒಂದು ರಫ್ತು ಘಟಕಕ್ಕೆ ಹಾಕಿದ್ದ 50 ಕೋಟಿ ರೂಪಾಯಿಯನ್ನು ರದ್ದು ಮಾಡಿತು. ವಹಿವಾಟಿಗೂ ಪರಿಸರಕ್ಕಾದ ಹಾನಿಗೂ ನಂಟಿಲ್ಲ ಎಂಬುದು ಕಾರಣ. ಹಾನಿಯನ್ನು ತುಂಬಿಕೊಡುವ ಮಾತಾದರೆ ಈ ವಾದ ಒಪ್ಪಬಹುದು. ಎಚ್ಚರಿಸುವ ಮಾತಾದರೆ ಒಪ್ಪಲಾರೆ. ಸಣ್ಣ ಬಣ್ಣದ ಘಟಕವನ್ನು ನಡುಗಿಸುವ ಮೊತ್ತ ದೊಡ್ಡ ಉಕ್ಕಿನ ಕಾರ್ಖಾನೆಗೆ ಚಹಾ ಖರ್ಚು.

ಇಲ್ಲಿ ದಂಡ ಮತ್ತು ಪರಿಹಾರ ಎಂಬ ಎರಡು ಮಾತುಗಳನ್ನು ಬಿಡಿಸಿ ನೋಡಬೇಕು. ಸುದ್ದಿಗಳಲ್ಲಿ ಎರಡೂ ‘ದಂಡ’ ಎಂದೇ ಬರುತ್ತವೆ. ದಂಡ ತಪ್ಪಿಗೆ ಕೊಡುವ ಶಿಕ್ಷೆ. ಪರಿಹಾರ ಹಾನಿಯನ್ನು ಸರಿಪಡಿಸುವ ವೆಚ್ಚ. ದೆಹಲಿಯ ಮಾಲಿನ್ಯ ನಿಯಂತ್ರಣ ಸಮಿತಿಯ ಪ್ರಕರಣದಲ್ಲಿ 2025ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು. ಜಲ ಮತ್ತು ವಾಯು ಕಾಯ್ದೆಗಳಡಿ ಮಾಲಿನ್ಯ ಮಂಡಳಿಗಳೇ ಪರಿಹಾರದ ಮೊತ್ತ ವಿಧಿಸಬಹುದು, ಹಾನಿಯಾಗುವ ಮುನ್ನವೇ ಬ್ಯಾಂಕ್ ಗ್ಯಾರಂಟಿ ಕೇಳಬಹುದು, ಆದರೆ ಅದು ಶಿಕ್ಷೆಯಲ್ಲ ಎಂದಿತು. ಪರಿಸರದ ಹೋರಾಟಗಾರರು ಈ ತೀರ್ಪನ್ನು ಕೈಬಿಡದೆ ಹಿಡಿದುಕೊಳ್ಳಬೇಕು. ಏಕೆಂದರೆ 15 ಲಕ್ಷದ ಮಿತಿ ಇರುವುದು ದಂಡಕ್ಕೆ. ಪರಿಹಾರಕ್ಕೆ ಆ ಮಿತಿಯಿಲ್ಲ.

ಪರಿಹಾರ ಲೆಕ್ಕ ಹಾಕಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವೊಂದಿದೆ. ಉದ್ಯಮ ಎಷ್ಟು ಮಲಿನಕಾರಿ ಎಂಬ ಅಂಕ, ತಪ್ಪು ನಡೆದ ದಿನಗಳ ಸಂಖ್ಯೆ, ರೂಪಾಯಿಯಲ್ಲಿ ಗೊತ್ತುಮಾಡಿದ ಒಂದು ದರ, ಘಟಕದ ಗಾತ್ರ, ಅದಿರುವ ಊರಿನ ಗಾತ್ರ, ಈ ಐದನ್ನೂ ಗುಣಿಸಬೇಕು. ಅತಿ ಹೆಚ್ಚು ಮಲಿನಕಾರಿಯಾದ ‘ಕೆಂಪು’ ವರ್ಗದ ಉದ್ಯಮಕ್ಕೆ ಅಂಕ 80, ದರ 250 ರೂಪಾಯಿ, ದೊಡ್ಡ ಘಟಕಕ್ಕೆ 1.5 ಎಂದು ಹಿಡಿದರೆ ಸಣ್ಣ ಊರಿನಲ್ಲಿ ದಿನಕ್ಕೆ 30 ಸಾವಿರ ರೂಪಾಯಿ. ನೂರು ದಿನಕ್ಕೆ 30 ಲಕ್ಷ. ದಂಡಕ್ಕಿಂತ ಇದು ವಾಸಿ. ಆದರೂ ಈ ಸೂತ್ರದಲ್ಲಿ ಹೊಳೆ ಎಲ್ಲಿದೆ? ಸತ್ತ ಮೀನು, ಬೆಂದ ಗದ್ದೆ, ಕುಡಿಯಲು ಬಾರದ ಬಾವಿ ಇದರ ಯಾವ ಅಂಕದಲ್ಲೂ ಇಲ್ಲ. ಒಂದೇ ವರ್ಗದ, ಒಂದೇ ಗಾತ್ರದ ಎರಡು ಕಾರ್ಖಾನೆಗಳಲ್ಲಿ ಒಂದು ಬರಡು ಚರಂಡಿಗೂ ಇನ್ನೊಂದು ಊರ ಕೆರೆಗೂ ವಿಷ ಬಿಟ್ಟರೆ ಎರಡರ ಲೆಕ್ಕವೂ ಒಂದೇ ಆಗಬಹುದು.

ಮೊತ್ತ ದೊಡ್ಡದಾದರೂ ಅದು ಕೈಗೆ ಬರಬೇಕಲ್ಲ. ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛ್ಡಿ ಎಂಬ ಹಳ್ಳಿಯ ಕಥೆಯನ್ನು ಪರಿಸರ ಕಾನೂನು ಓದುವ ಪ್ರತಿಯೊಬ್ಬರೂ ಓದಿರುತ್ತಾರೆ. 1980ರ ದಶಕದ ಕೊನೆಯಲ್ಲಿ ಅಲ್ಲಿ ಎಚ್-ಆಸಿಡ್ ಎಂಬ ರಾಸಾಯನಿಕ ತಯಾರಾಗುತ್ತಿತ್ತು. ಅದರ ಕೆಸರನ್ನು ಬಯಲಿಗೇ ಸುರಿದರು. ಅದು ಇಂಗಿ ಸುತ್ತಲಿನ ಬಾವಿಗಳ ನೀರು ಬಣ್ಣಗೆಟ್ಟಿತು. ಜನರಿಗೂ ದನಗಳಿಗೂ ಹೊಲಕ್ಕೂ ಬಾರದಾಯಿತು. 1996ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ‘ಕೆಡಿಸಿದವನೇ ತೆರಬೇಕು’ ಎಂಬ ತತ್ವವನ್ನು ಈ ದೇಶದ ಕಾನೂನಿನಲ್ಲಿ ಊರಿತು. ಆಮೇಲೆ ಆದದ್ದೇನು? ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕಿತು. ಹದಿನೈದು ವರ್ಷ ಕಳೆಯಿತು. 2011ರ ಜುಲೈನಲ್ಲಿ ನ್ಯಾಯಾಲಯ ತಾಳ್ಮೆ ಕಳೆದುಕೊಂಡು, 37.385 ಕೋಟಿ ರೂಪಾಯಿಯನ್ನು 1997ರ ನವೆಂಬರ್‌ನಿಂದ ಶೇ 12ರ ಚಕ್ರಬಡ್ಡಿಯೊಂದಿಗೆ ಕಟ್ಟಬೇಕೆಂದು ಆದೇಶಿಸಿತು. ವಿಳಂಬದಿಂದ ಯಾರೂ ಲಾಭ ಮಾಡಿಕೊಳ್ಳಬಾರದು ಎಂಬ ಆ ಚಕ್ರಬಡ್ಡಿಯ ತರ್ಕವೇ ನನಗೆ ಮೂಲ ತೀರ್ಪಿಗಿಂತ ಮುಖ್ಯವಾಗಿ ಕಾಣುತ್ತದೆ. ಬಿಛ್ಡಿಯಲ್ಲಿ ಆ ಬಾವಿಗಳ ಪಕ್ಕದಲ್ಲಿ ಹುಟ್ಟಿದ ಮಗು ಆ ಹೊತ್ತಿಗೆ ಮತದಾನದ ವಯಸ್ಸು ದಾಟಿತ್ತು.

ಇನ್ನು ತಪ್ಪು ಮಾಡಿದ್ದು ಸರ್ಕಾರವೇ ಆದರೆ? ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ, ಬೆಂಕಿ ಹತ್ತಿ ಉರಿದದ್ದನ್ನು ನಾವೆಲ್ಲ ಕಂಡಿದ್ದೇವೆ. 2018ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ಹಾಕಿತು. ಕೆರೆಯ ಪುನಶ್ಚೇತನಕ್ಕೆಂದು 500 ಕೋಟಿ ರೂಪಾಯಿ ತೆಗೆದಿಡಲು ಹೇಳಿತು. ಆ 500 ಕೋಟಿಯ ಆದೇಶ ಅರ್ಥಪೂರ್ಣ, ಏಕೆಂದರೆ ಹಣ ಅದೇ ಕೆರೆಗೆ ಹೋಗಬೇಕಿತ್ತು. ಆದರೆ 75 ಕೋಟಿಯ ದಂಡವನ್ನು ತೆರುವವರು ಯಾರು? ಕೆರೆಯ ನೊರೆಯನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ದಾಟಿದವರೇ ತಮ್ಮ ತೆರಿಗೆಯಿಂದ ತೆತ್ತಂತಾಗುತ್ತದೆ. ಹೊಸ ತಿದ್ದುಪಡಿಯಲ್ಲಿ ಇದಕ್ಕೊಂದು ಉತ್ತರದ ಮೊಳಕೆ ಇದೆ: ಸರ್ಕಾರಿ ಇಲಾಖೆ ತಪ್ಪು ಮಾಡಿದರೆ ಇಲಾಖೆಯ ಮುಖ್ಯಸ್ಥರು ಒಂದು ತಿಂಗಳ ಮೂಲ ವೇತನವನ್ನು ದಂಡವಾಗಿ ಕಟ್ಟಬೇಕು. ಮೊತ್ತ ಚಿಕ್ಕದು. ಆದರೆ ಖಜಾನೆಯಿಂದ ಹೋಗುವ ಕೋಟಿಗಿಂತ ಸ್ವಂತ ಸಂಬಳದಿಂದ ಹೋಗುವ ಸಾವಿರಗಳು ಅಧಿಕಾರಿಯ ನಿದ್ದೆ ಕೆಡಿಸುತ್ತವೆ ಎಂದು ನಾನು ನಂಬುತ್ತೇನೆ. ಆ ದಂಡ ವಿಧಿಸಬೇಕಾದವರೂ ಅದೇ ಅಧಿಕಾರಿ ವರ್ಗದವರು ಎಂಬುದೇ ಇಲ್ಲಿನ ದೌರ್ಬಲ್ಯ.

ಕಾಡಿನ ವಿಷಯಕ್ಕೆ ಬಂದರೆ ಚಿತ್ರ ಇನ್ನಷ್ಟು ಬಾಗಿದೆ. ಭಾರತೀಯ ಅರಣ್ಯ ಕಾಯ್ದೆ 1927ರದು. ಮೀಸಲು ಅರಣ್ಯಕ್ಕೆ ಅತಿಕ್ರಮವಾಗಿ ಹೊಕ್ಕರೆ, ದನ ಮೇಯಿಸಿದರೆ, ಮರ ಕಡಿಯುವಾಗ ಅಜಾಗರೂಕತೆಯಿಂದ ಹಾನಿ ಮಾಡಿದರೆ ಆರು ತಿಂಗಳವರೆಗೆ ಜೈಲಿತ್ತು. ಜನವಿಶ್ವಾಸ ಕಾಯ್ದೆ ಆ ಜೈಲನ್ನು ತೆಗೆದು, 500 ರೂಪಾಯಿವರೆಗಿನ ಜುಲ್ಮಾನೆ ಮತ್ತು ಹಾನಿಯ ಪರಿಹಾರವನ್ನು ಮಾತ್ರ ಉಳಿಸಿತು. ದನಗಾಹಿಗೆ, ಸೌದೆ ಹೊರುವ ಹೆಂಗಸಿಗೆ ಇದು ನಿಜವಾದ ಬಿಡುಗಡೆ. ನ್ಯಾಯಾಲಯಕ್ಕೆ ಅಲೆಯುವ ಒಂದೊಂದು ದಿನವೂ ಅವರಿಗೆ ಕೂಲಿ ತಪ್ಪಿದ ದಿನ. ಆದರೆ ಕರ್ನಾಟಕದ ಕಾಡಂಚಿನವರಿಗೆ ಈ ಬಿಡುಗಡೆ ತಾನಾಗಿ ಸಿಗುವುದಿಲ್ಲ. ನಮ್ಮಲ್ಲಿ ನಡೆಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ; ಅದನ್ನು ತಿದ್ದಬೇಕಾದದ್ದು ವಿಧಾನಮಂಡಲ.

ಇದೇ ಕಾಡನ್ನು ದೊಡ್ಡ ಕೈಗಳು ಮುಟ್ಟಿದಾಗ ಏನಾಗುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಹೊಸ ಹೆಸರು ಬಂತು. ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಟ್ಟರೆ ಅದರಡಿ ಗರಿಷ್ಠ ಶಿಕ್ಷೆ 15 ದಿನದ ಸಾದಾ ಸಜೆ. ನಡೆಯುವುದೆಲ್ಲ ಹಣದ ಲೆಕ್ಕದಲ್ಲೇ: ಕಳೆದುಕೊಂಡ ಕಾಡಿಗೆ ‘ನಿವ್ವಳ ಪ್ರಸ್ತುತ ಮೌಲ್ಯ’, ಅಂದರೆ ಆ ಕಾಡಿನಿಂದ ಮುಂದೆ ಸಿಗಬೇಕಿದ್ದ ಪ್ರಯೋಜನಗಳ ಇಂದಿನ ಬೆಲೆ, ಕಟ್ಟಬೇಕು. ಸುಪ್ರೀಂ ಕೋರ್ಟ್ 2008ರಲ್ಲಿ ಒಪ್ಪಿದ ದರ ಕಾಡಿನ ಬಗೆಯನ್ನು ನೋಡಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ; 2022ರಲ್ಲಿ ಅದನ್ನು ಏರಿಸಿದರು. ಅನುಮತಿಗೆ ಮುನ್ನವೇ ಕೆಲಸ ಶುರು ಮಾಡಿದವರಿಂದ ದಂಡರೂಪದಲ್ಲಿ ಇನ್ನಷ್ಟು ಪಡೆಯುತ್ತಾರೆ. ಕೇಳಿ ಕಡಿದವನಿಗೂ ಕೇಳದೆ ಕಡಿದವನಿಗೂ ಇರುವ ಅಂತರ ದರದ ಅಂತರವಾಗಿಬಿಡುತ್ತದೆ. ನೂರು ವರ್ಷ ಹಳೆಯ ಶೋಲಾ ಕಾಡಿನ ಒಂದು ಹೆಕ್ಟೇರು ಬೆಂಗಳೂರಿನ ಹೊರವಲಯದ ಒಂದು ನಿವೇಶನದ ಬೆಲೆಗೂ ಬಾರದ ಲೆಕ್ಕ ಇದು.

ಒಂದು ತೀರ್ಪು ಮಾತ್ರ ಬೇರೆ ದನಿಯಲ್ಲಿ ಮಾತಾಡಿತು. ತಾಜ್ ಮಹಲ್ ಸುತ್ತಲಿನ ಸಂರಕ್ಷಿತ ವಲಯಕ್ಕೆ ಸೇರಿದ ಮಥುರಾ-ವೃಂದಾವನ ಪ್ರದೇಶದಲ್ಲಿ 2024ರ ಸೆಪ್ಟೆಂಬರ್‌ನ ಒಂದು ರಾತ್ರಿ 454 ಮರಗಳನ್ನು ಕಡಿದುಹಾಕಿದ್ದರು. 2025ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಮರಕ್ಕೆ ಒಂದು ಲಕ್ಷ ರೂಪಾಯಿಯಂತೆ ದಂಡ ವಿಧಿಸಲು ಒಪ್ಪಿತು. ಒಟ್ಟು 4.54 ಕೋಟಿ ರೂಪಾಯಿ. ಮೊತ್ತ ತಗ್ಗಿಸಬೇಕೆಂಬ ಕೋರಿಕೆಯನ್ನು ತಳ್ಳಿಹಾಕಿದ ಪೀಠ, ಆ ಹಸಿರು ಮತ್ತೆ ಬರಲು ಕನಿಷ್ಠ ನೂರು ವರ್ಷ ಬೇಕೆಂದಿತು. ಇಷ್ಟು ಮರ ಕಡಿಯುವುದು ಮನುಷ್ಯರನ್ನು ಕೊಲ್ಲುವುದಕ್ಕಿಂತಲೂ ಕೆಟ್ಟದ್ದೆಂದೂ ಹೇಳಿತು. ಇಲ್ಲಿ ಅಳತೆ ಮರದಿಂದಲೇ ಶುರುವಾಯಿತು. ಕಡಿದವರ ವರ್ಗದಿಂದಲ್ಲ, ದಿನಗಳ ಎಣಿಕೆಯಿಂದಲ್ಲ. ಪರಿಹಾರದ ಸೂತ್ರ ಕಲಿಯಬೇಕಾದದ್ದು ಇದನ್ನೇ.

ಜೈಲು ಇರಲೇಬೇಕಾದ ಜಾಗಗಳೂ ಇವೆ. ಮಲೆ ಮಹದೇಶ್ವರ ವನ್ಯಧಾಮದಲ್ಲಿ 2025ರ ಜೂನ್‌ನಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷಕ್ಕೆ ಬಲಿಯಾದವು. ಹುಲಿ ಕೊಂದದ್ದಕ್ಕೆ ದಂಡ ಕಟ್ಟಿ ಹೋಗಬಹುದು ಎಂಬ ಮಾತನ್ನು ನಾವ್ಯಾರೂ ಸಹಿಸೆವು. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ದಂಡವನ್ನು ಏರಿಸಿತೇ ಹೊರತು ಅಂಥ ಕೃತ್ಯಕ್ಕಿದ್ದ ಕನಿಷ್ಠ ಮೂರು ವರ್ಷದ ಸಜೆಯನ್ನು ಮುಟ್ಟಲಿಲ್ಲ. ಹಾಗಿದ್ದರೆ ಒಂದು ಹೊಳೆಯನ್ನು ಗೊತ್ತಿದ್ದೂ ಹತ್ತು ವರ್ಷ ವಿಷವಾಗಿಸಿದವರಿಗೆ ಮಾತ್ರ ಜೈಲಿನ ದಾರಿಯನ್ನು ಮುಚ್ಚಿದ್ದೇಕೆ? ಅರಿಯದೆ ಆದ ಲೋಪ, ಕಾಗದಪತ್ರದ ತಡ, ಬೇಕೆಂದೇ ಮಾಡಿದ ನಾಶ, ಮೂರನ್ನೂ ಒಂದೇ ಸೆಕ್ಷನ್‌ನ ಒಂದೇ ಮಿತಿಯೊಳಗೆ ತುಂಬಿದ್ದು ಈ ತಿದ್ದುಪಡಿಯ ದೊಡ್ಡ ಲೋಪ ಎಂದು ನನಗನಿಸುತ್ತದೆ.

ಮತ್ತೊಂದು ದಾರಿ ಅದಾಗಲೇ ಸವೆದಿದೆ: ಮೊದಲು ಕಟ್ಟಡ ಎಬ್ಬಿಸು, ಆಮೇಲೆ ಸಕ್ರಮ ಮಾಡಿಸಿಕೋ. ಪರಿಸರ ಅನುಮತಿಯಿಲ್ಲದೆ ಶುರುವಾದ ಯೋಜನೆಗಳು ಯೋಜನಾ ವೆಚ್ಚದ ಶೇ 1 ಮತ್ತು ತಪ್ಪಿನ ಅವಧಿಯ ವಹಿವಾಟಿನ ಶೇ 0.25 ಕಟ್ಟಿ ಮುಂದುವರಿಯಲು 2021ರ ಜುಲೈನ ಸುತ್ತೋಲೆಯೊಂದು ಅವಕಾಶ ಕೊಟ್ಟಿತ್ತು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೆಲಸ ಶುರುವಾದ ಮೇಲೆ ಕೊಡುವ ಇಂಥ ಪೂರ್ವಾನ್ವಯ ಅನುಮತಿಗಳನ್ನು ಹೊಡೆದುಹಾಕಿತು. ಆರೇ ತಿಂಗಳಲ್ಲಿ, ನವೆಂಬರ್ 18ರಂದು, ಮೂವರ ಪೀಠ 2:1ರ ಬಹುಮತದಿಂದ ಆ ತೀರ್ಪನ್ನು ಹಿಂತೆಗೆದುಕೊಂಡಿತು. ಕೋಟ್ಯಂತರ ರೂಪಾಯಿಯ ಕಟ್ಟಡಗಳನ್ನು ಕೆಡವಬೇಕಾದೀತು ಎಂಬ ಆತಂಕ ಬಹುಮತದ ಹಿಂದಿತ್ತು. ಕಟ್ಟಿದ್ದನ್ನು ಕೆಡವಲು ಮನಸ್ಸಾಗದು ಎಂಬುದು ಮೊದಲೇ ಗೊತ್ತಿದ್ದರೆ ಬೇಗ ಕಟ್ಟಿಬಿಡುವುದೇ ಜಾಣತನವಾಗುತ್ತದೆ. ಶೇ 1 ಎಂಬುದು ಆಗ ಅನುಮತಿಗಾಗಿ ಕಾಯುವ ತಿಂಗಳುಗಳ ಬಡ್ಡಿಗಿಂತ ಅಗ್ಗ.

ವಸೂಲಾದ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕು. ಹೊಸ ವ್ಯವಸ್ಥೆಯಲ್ಲಿ ಅದು ಪರಿಸರ ಸಂರಕ್ಷಣಾ ನಿಧಿಗೆ ಸೇರುತ್ತದೆ. ಸಾಮಾನ್ಯ ಖಜಾನೆಯಲ್ಲಿ ಕರಗುವುದಕ್ಕಿಂತ ಇದು ಮೇಲು. ಆದರೆ ಕೆಟ್ಟ ಊರಿಗೇ ಹಿಂತಿರುಗುವ ಖಾತರಿ ಇಲ್ಲ. ಮೆಕ್ಸಿಕೊ ಕೊಲ್ಲಿಯ ತೈಲ ಸೋರಿಕೆಯ ಸಿವಿಲ್ ದಂಡದಲ್ಲಿ ಶೇ 80ರಷ್ಟನ್ನು ಅದೇ ಕರಾವಳಿಗೆ ವೆಚ್ಚ ಮಾಡಬೇಕೆಂದು ಅಮೆರಿಕದ ಸಂಸತ್ತು 2012ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು. ಇಲ್ಲಿಯೂ ದಂಡದ ಆದೇಶದಲ್ಲೇ ಈ ಕೆರೆಗೆ ಇಷ್ಟು, ಈ ಗ್ರಾಮ ಪಂಚಾಯಿತಿಯ ಕುಡಿಯುವ ನೀರಿಗೆ ಇಷ್ಟು ಎಂದು ಬರೆಯುವುದಕ್ಕೆ ಹೊಸ ಕಾಯ್ದೆಯೇನೂ ಬೇಡ, ನಿಯಮಗಳಿಗೆ ಒಂದು ಸಾಲು ಸೇರಿಸಿದರೆ ಸಾಕು.

ಬೆಲೆ ಏರಿದಂತೆ ದಂಡವೂ ಏರಬೇಕೆಂಬುದನ್ನು ಜನವಿಶ್ವಾಸ ಕಾಯ್ದೆ ಮರೆತಿಲ್ಲ. ಮೂರು ವರ್ಷಕ್ಕೊಮ್ಮೆ ಕನಿಷ್ಠ ಮೊತ್ತದ ಶೇ 10ರಷ್ಟು ಹೆಚ್ಚಳ ಎಂದು ಅದು ಹೇಳುತ್ತದೆ. ಅಮೆರಿಕದ ಜಲ ಕಾಯ್ದೆಯಲ್ಲಿ 1972ರಲ್ಲಿ ದಿನಕ್ಕೆ 10 ಸಾವಿರ ಡಾಲರ್ ಇದ್ದ ಗರಿಷ್ಠ ಸಿವಿಲ್ ದಂಡ, ತಿದ್ದುಪಡಿ ಮತ್ತು ಹಣದುಬ್ಬರದ ಹೊಂದಾಣಿಕೆಯಿಂದ ಈಗ 60 ಸಾವಿರ ಡಾಲರ್ ದಾಟಿದೆ. ನಮ್ಮ ಪರಿಸರ ಕಾಯ್ದೆಯ ತಿದ್ದುಪಡಿ ಜಾರಿಯಾಗಿ 2027ರ ಏಪ್ರಿಲ್‌ಗೆ ಮೂರು ವರ್ಷ ತುಂಬುತ್ತದೆ. ಕನಿಷ್ಠ ದಂಡ 10 ಸಾವಿರ ರೂಪಾಯಿ. ಅದರ ಶೇ 10 ಎಂದರೆ ಒಂದು ಸಾವಿರ ರೂಪಾಯಿ.